ಎಲ್ಲಾ ಇದೆ, ದಿನಾ ದೇವರ ಮುಂದೆ ಕೂರ್ತೀನಿ, ಆದ್ರೂ ಖುಷಿ ಯಾಕೆ ನಿಲ್ತಿಲ್ಲ?

ಬಾಗಿಲಬಳಿ:

ಎಲ್ರಿಗೂ ನಮಸ್ಕಾರ. ಇದನ್ನ ಮೂರ್ನಾಲ್ಕು ಸಲ ಟೈಪ್ ಮಾಡಿ ಡಿಲೀಟ್ ಮಾಡಿದೀನಿ, ಇವತ್ತು ಹಾಕೇ ಬಿಡ್ತೀನಿ.

ನನಗೆ 36. ಕೆಲಸ ಇದೆ, ಮದುವೆ ಆಗಿದೆ, ಒಬ್ಳು ಮಗಳು, ಆರೋಗ್ಯಾನೂ ಪರವಾಗಿಲ್ಲ. ನೋಡಿದೋರು ನಿನಗೇನಪ್ಪಾ ಕಮ್ಮಿ ಅಂತಾರೆ, ನಿಜ, ಬೆರಳಿಟ್ಟು ತೋರ್ಸೋ ಅಂಥ ಕಮ್ಮಿ ಏನೂ ಇಲ್ಲ. ಆದ್ರೆ ಖುಷಿ ಅನ್ನೋದು ಬರತ್ತೆ, ಎರಡು ದಿನ ಇರತ್ತೆ, ಹೇಳದೆ ಕೇಳದೆ ಹೊರಟೋಗತ್ತೆ. ಪ್ರೊಮೋಷನ್ ಆದಾಗ ಹೀಗೇ ಆಯ್ತು. ಸ್ವಂತ ಮನೆ ಬೀಗದ ಕೈ ಸಿಕ್ಕ ದಿನ ಸಾಮಾನು ಇನ್ನೂ ಬಂದಿರ್ಲಿಲ್ಲ, ಖಾಲಿ ರೂಮಲ್ಲಿ ಒಬ್ನೇ ನೆಲದ ಮೇಲೆ ಮಲ್ಕೊಂಡು ಸೀಲಿಂಗ್ ನೋಡ್ತಿದ್ದೆ, ಇದಕ್ಕೇ ಅಲ್ವಾ ಒಂಬತ್ತು ವರ್ಷ ಒದ್ದಾಡಿದ್ದು ಅನ್ಕೊಂಡೆ, ಆದ್ರೆ ಒಳಗೆ ಏನೂ ಅಲ್ಲಾಡ್ಲಿಲ್ಲ. ಆವತ್ತೇ ಭಯ ಶುರುವಾಗಿದ್ದು.

ಅದಾದ್ಮೇಲೆ ದೇವರ ಕಡೆ ತಿರುಗಿದೆ. ಎರಡು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ಪ್ರಾರ್ಥನೆ ಮಾಡ್ತೀನಿ, ಒಂದು ದಿನಾನೂ ತಪ್ಸಿಲ್ಲ. ಮೊದಲು ಆರು ತಿಂಗಳು ತುಂಬಾ ಚೆನ್ನಾಗಿತ್ತು, ಕಣ್ಣಲ್ಲಿ ನೀರು ಬರೋದು. ಈಗ ಅದೂ ಹಲ್ಲುಜ್ಜಿದ ಹಾಗೆ ಆಗಿದೆ, ಮಾಡಿ ಮುಗಿಸ್ತೀನಿ ಅಷ್ಟೇ.

ದೇವರಲ್ಲಿ ಆನಂದ, ಎಂದೂ ಬತ್ತದ ಆನಂದ ಅಂತೆಲ್ಲಾ ಹೇಳ್ತಾರಲ್ಲ, ಅದು ನಿಜವಾಗ್ಲೂ ಯಾರಿಗಾದ್ರೂ ಸಿಕ್ಕಿದೆಯಾ? ಒಬ್ರೇ ಕೂತಾಗ ಸಿಗೋದಾ, ಜನರ ಮಧ್ಯೆ ಸಿಗೋದಾ? ನನಗಂತೂ ಜನರಿಂದ ನೆಮ್ಮದಿಗಿಂತ ನೋವೇ ಜಾಸ್ತಿ ಸಿಕ್ಕಿರೋದು, ಒಡಹುಟ್ಟಿದ ಅಣ್ಣನ ಹತ್ರಾನೇ ಮಾತಿಲ್ಲ ನಾಲ್ಕು ವರ್ಷದಿಂದ, ಅದು ಬೇರೆ ವಿಷಯ ಬಿಡಿ. ಅದಕ್ಕೇ ದೇವರೊಬ್ಬ ಸಾಕು ಅನ್ಕೊಂಡಿದ್ದೆ. ಗೊತ್ತಿರೋರು ದಯವಿಟ್ಟು ಹೇಳಿ.

ಲೆಕ್ಕದಪುಸ್ತಕ:

ಸರ್, ಮೊದಲನೇ ಭಾಗಕ್ಕೆ ಮಾತ್ರ ನಾನು ಉತ್ತರ ಹೇಳಬಲ್ಲೆ, ಯಾಕಂದ್ರೆ ಖಾಲಿ ರೂಮಲ್ಲಿ ಮಲ್ಕೊಂಡು ಸೀಲಿಂಗ್ ನೋಡಿದ್ದು ನಿಮ್ಮೊಬ್ರ ಕಥೆ ಅಲ್ಲ. ಮನಸ್ಸು ಯಾವುದಕ್ಕಾದ್ರೂ ಬೇಗ ಒಗ್ಗಿಕೊಂಡು ಬಿಡತ್ತೆ. 1978ರಲ್ಲಿ ಅಮೆರಿಕದಲ್ಲಿ ಬ್ರಿಕ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತೆ ಅವರ ಜೊತೆಯವರು ದೊಡ್ಡ ಲಾಟರಿ ಹೊಡೆದ 22 ಜನರನ್ನ ಮಾತಾಡ್ಸಿದ್ರು, ಅವರು ಮಾಮೂಲಿ ಜನಕ್ಕಿಂತ ಹೇಳಿಕೊಳ್ಳೋ ಅಷ್ಟು ಹೆಚ್ಚು ಖುಷಿಯಾಗೇನೂ ಇರ್ಲಿಲ್ಲ, ಅದಕ್ಕಿಂತ ಬೇಜಾರಿನ ವಿಷಯ ಅಂದ್ರೆ ದಿನನಿತ್ಯದ ಸಣ್ಣಪುಟ್ಟ ಸಂಗತಿಗಳಲ್ಲಿ ಸಿಗೋ ಸಂತೋಷ ಅವರಿಗೆ ಉಳಿದವರಿಗಿಂತ ಕಮ್ಮಿ ಆಗಿತ್ತು. ಚಿಕ್ಕ ಅಧ್ಯಯನ, ಅದರ ಮೇಲೇ ಎಲ್ಲಾ ನಿಲ್ಸೋಕಾಗಲ್ಲ, ಆದ್ರೆ ನಿಮ್ಮ ಬೀಗದ ಕೈ ಕಥೆ ಓದಿದ ತಕ್ಷಣ ಅದೇ ನೆನಪಾಯ್ತು.

ಇನ್ನೊಂದು ಇದೆ, ಅದು ದೊಡ್ಡದು. ಹಾರ್ವರ್ಡ್‌ನವರು 1938ರಲ್ಲಿ ಶುರು ಮಾಡಿದ್ದು. ಒಂದು ಕಡೆ ಹಾರ್ವರ್ಡ್ ಕಾಲೇಜಿನ 268 ಹುಡುಗರು, ಇನ್ನೊಂದು ಕಡೆ ಬಾಸ್ಟನ್ ಊರಿನ ತೀರಾ ಬಡ ಕೇರಿಗಳ 456 ಹುಡುಗರು, ಒಟ್ಟು 724. ಇವರನ್ನ ಬಿಡದೆ ಮುದುಕರಾಗೋವರೆಗೂ, ಸಾಯೋವರೆಗೂ ಫಾಲೋ ಮಾಡಿದಾರೆ, ಆಮೇಲೆ ಹೆಂಡ್ತಿ ಮಕ್ಕಳನ್ನೂ ಸೇರಿಸ್ಕೊಂಡ್ರು, ಅದನ್ನ ನಡೆಸ್ತಿರೋ ವಾಲ್ಡಿಂಗರ್ ನಾಲ್ಕನೇ ಡೈರೆಕ್ಟರ್, ಮೊದಲಿನವರಿಂದ ಕೆಲಸ ಕೈಯಿಂದ ಕೈಗೆ ಬಂದಿದೆ. ಅಷ್ಟು ವರ್ಷದ ಫೈಲುಗಳಲ್ಲಿ ಎದ್ದು ಕಂಡಿದ್ದು ದುಡ್ಡಲ್ಲ, ಹೆಸರಲ್ಲ, ಸಂಬಂಧ. 50ನೇ ವಯಸ್ಸಲ್ಲಿ ಯಾರು ತಮ್ಮವರ ಜೊತೆ ನೆಮ್ಮದಿಯಾಗಿದ್ರೋ ಅವರೇ 80ನೇ ವಯಸ್ಸಲ್ಲಿ ಗಟ್ಟಿಯಾಗಿದ್ರು, ಕೊಲೆಸ್ಟ್ರಾಲ್ ನೋಡಿ ಊಹೆ ಮಾಡೋದಕ್ಕಿಂತ ಇದನ್ನ ನೋಡಿ ಊಹೆ ಮಾಡಿದ್ರೇ ಹೆಚ್ಚು ಸರಿ ಹೋಗ್ತಿತ್ತಂತೆ. ಜಗಳ ಆಡದೇ ಇರೋ ಸಂಬಂಧ ಅಂತಲ್ಲ, ಕಷ್ಟ ಬಂದ್ರೆ ಇವನು ಬರ್ತಾನೆ ಅನ್ನೋ ನಂಬಿಕೆ ಇರೋ ಸಂಬಂಧ.

ದೇವರ ವಿಷಯ ನಾನು ಮಾತಾಡಲ್ಲ, ನನಗೆ ಅಷ್ಟು ತಿಳಿದಿಲ್ಲ. ಆದ್ರೆ "ಅದು ಬೇರೆ ವಿಷಯ ಬಿಡಿ" ಅಂದ್ರಲ್ಲ, ಅದು ನಿಜವಾಗ್ಲೂ ಬೇರೆ ವಿಷಯಾನಾ ಸರ್?

ಹಳೇಟಾರ್ಚು:

ತಮ್ಮಾ, ನನಗೆ 63, ಮೂವತ್ತು ವರ್ಷ ನರ್ಸ್ ಆಗಿದ್ದೆ, ಅದರಲ್ಲಿ ಅರ್ಧಕ್ಕರ್ಧ ರಾತ್ರಿ ಪಾಳಿ. ನಿಧಾನಕ್ಕೆ ಟೈಪ್ ಮಾಡ್ತೀನಿ, ಉದ್ದ ಆದ್ರೆ ಸಹಿಸ್ಕೋ.

ನಾನು ಯೇಸುವನ್ನ ನಂಬೋಳು, ಅದನ್ನೇ ಇಟ್ಕೊಂಡು ಹೇಳ್ತೀನಿ. ಬೈಬಲ್ಲಲ್ಲಿ, ಯೇಸುವಿನ ಸುದ್ದಿ ಊರೂರಿಗೆ ಸಾರ್ತಿದ್ದ ಪೌಲ ಫಿಲಿಪ್ಪಿ ಊರಿನವರಿಗೆ ಬರೆದ ಪತ್ರ ಒಂದಿದೆ, ನಾಲ್ಕೇ ಅಧ್ಯಾಯ, ಒಂದೇ ಸಲ ಕೂತು ಓದಿ ಮುಗಿಸಬಹುದು. ಅದನ್ನ ಬರೆದಾಗ ಅವನು ಸೆರೆಯಲ್ಲಿದ್ದ, ಬದುಕ್ತೀನೋ ಸಾಯ್ತೀನೋ ಗೊತ್ತಿರ್ಲಿಲ್ಲ. ಅಷ್ಟು ಚಿಕ್ಕ ಪತ್ರದಲ್ಲಿ ಸಂತೋಷ, ಸಂತೋಷಪಡಿ ಅನ್ನೋದು ಸುಮಾರು 16 ಸಲ ಬರತ್ತೆ. ನಾನು ಎಷ್ಟೋ ವರ್ಷ "ಯಾವಾಗ್ಲೂ ಕರ್ತನಲ್ಲಿ ಸಂತೋಷವಾಗಿರಿ" ಅನ್ನೋ ಒಂದು ಮಾತನ್ನ ಮಾತ್ರ ಬಿಡಿಸಿ ಇಟ್ಕೊಂಡು, ನನಗ್ಯಾಕೆ ಸಂತೋಷ ಬರ್ತಿಲ್ಲ, ನನ್ನ ನಂಬಿಕೇಲೇ ಏನೋ ಐಬಿದೆ ಅಂತ ಕೊರಗ್ತಿದ್ದೆ, ಈಗ ನೀನು ಕೊರಗ್ತಿಲ್ವಾ ಹಾಗೇ.

ಒಂದಿನ ಅದರ ಹಿಂದಿನ ಸಾಲುಗಳನ್ನ ನೋಡಿದೆ. ನಾಲ್ಕನೇ ಅಧ್ಯಾಯದ ಶುರುವಲ್ಲೇ ಆ ಊರಿನವರನ್ನ ನನ್ನ ಸಂತೋಷವೇ, ನನ್ನ ಕಿರೀಟವೇ ಅಂತ ಕರೀತಾನೆ. ಜನರನ್ನೇ ಸಂತೋಷ ಅಂತಾನೆ ನೋಡು! ಅದರ ಮುಂದಿನ ಸಾಲಲ್ಲೇ ಯುವೊದ್ಯ, ಸಂತುಕೆ ಅಂತ ಇಬ್ರು ಹೆಂಗಸರ ಹೆಸರು ಹಿಡಿದು, ಒಂದೇ ಮನಸ್ಸಾಗಿ ಅಂತ ಬೇಡ್ಕೋತಾನೆ. ಏನು ಜಗಳವೋ ಬರೆದಿಲ್ಲ. ಇವರಿಬ್ರಿಗೂ ಸಹಾಯ ಮಾಡಪ್ಪಾ ಅಂತ ಇನ್ನೊಬ್ಬನಿಗೂ ಹೇಳ್ತಾನೆ. ಅದಾದ್ಮೇಲೇನೇ ಕರ್ತನಲ್ಲಿ ಸಂತೋಷಪಡಿ ಅನ್ನೋ ಮಾತು ಬರೋದು. ನಾನು ನಡುವಿನ ಆ ಇಬ್ರು ಹೆಂಗಸರನ್ನ ಹಾರಿಸಿಬಿಟ್ಟು ನೇರ ಸಂತೋಷಕ್ಕೆ ಹೋಗ್ತಿದ್ದೆ.

ಇನ್ನೊಂದು ನೋಡು, ಅದೇ ಪತ್ರದಲ್ಲೇ ತನ್ನ ಗೆಳೆಯ ಎಪಫ್ರೊದೀತ ಕಾಯಿಲೆ ಬಿದ್ದು ಸಾಯೋ ಹಾಗಾಗಿದ್ದ, ಅವನು ಹೋಗಿದ್ರೆ ನನಗೆ ದುಃಖದ ಮೇಲೆ ದುಃಖ ಆಗ್ತಿತ್ತು ಅಂತಾನೂ ಬರೀತಾನೆ. ಅಂದ್ರೆ ಅವನ ಸಂತೋಷ ಅಳು ಬರದೇ ಇರೋ ಸಂತೋಷ ಅಲ್ಲ.

ಈಗ ವಾರ್ಡಿನ ಮಾತು. ಕೊನೆ ದಿನಗಳಲ್ಲಿ ಇದ್ದ ಒಬ್ರು ಯಜಮಾನ್ರು, ತುಂಬಾ ದೈವಭಕ್ತರು. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಕಣ್ಮುಚ್ಚಿ ಪ್ರಾರ್ಥನೆ ಮಾಡೋರು, ತುಟಿ ಅಲ್ಲಾಡೋದು, ಮುಖದಲ್ಲಿ ಒಂಥರಾ ಶಾಂತಿ. ಮುಗಿದ ತಕ್ಷಣ ಕಣ್ಬಿಟ್ಟು ಕರೆಯೋರು, ಸಿಸ್ಟರ್, ಫೋನ್ ಸೈಲೆಂಟಲ್ಲಿ ಇದೆಯಾ ನೋಡಿ. ಇರ್ತಿರ್ಲಿಲ್ಲ, ಸೌಂಡ್ ಫುಲ್ಲೇ ಇರ್ತಿತ್ತು. ತೋರಿಸ್ತಿದ್ದೆ. ದಿಂಬಿನ ಮೇಲೆ ಕಿವಿ ಹತ್ರಾನೇ ಇಟ್ಕೊಳೋರು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೊಂದು ಸಲ ಅದೇ ಪ್ರಶ್ನೆ. ಯಾರ ಫೋನಿಗೆ ಕಾಯ್ತಿದ್ರು ಅಂತ ನಾನು ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ನನ್ನ ಪಾಳಿಯಲ್ಲಿ ಆ ಫೋನು ಒಂದು ಸಲಾನೂ ರಿಂಗ್ ಆಗ್ಲಿಲ್ಲ ಮಗಾ.

ದೇವರೊಬ್ಬ ಸಾಕು ಅಂತ ಬರೆದಿದೀಯ. ಆ ದೇವರೇ ಅಷ್ಟಕ್ಕೆ ಬಿಡಲ್ಲ. ಕಾಣಿಕೆ ಕೊಡೋಕೆ ಬಂದಾಗ ಅಣ್ಣತಮ್ಮನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದ್ರೆ ಕಾಣಿಕೇನ ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಅಂತ ಯೇಸು ಹೇಳಿದ್ದು ಬೈಬಲ್ಲಿನ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಇದೆ. ನಿನ್ನ ಐದೂವರೆ ಪ್ರಾರ್ಥನೆ ಒಣಗಿದ್ದು ದೇವರು ದೂರ ಹೋಗಿದ್ದಕ್ಕಲ್ಲ ಅನ್ಸತ್ತೆ ನನಗೆ, ಅವನು ಏನೋ ಹೇಳ್ತಿದಾನೆ, ನೀನು ಆ ಮಾತು ಬಂದಾಗಲೆಲ್ಲಾ ಬೇರೆ ಪ್ರಾರ್ಥನೆ ಶುರು ಮಾಡ್ತಿದೀಯ. ತಪ್ಪಾಗಿದ್ರೆ ಕ್ಷಮಿಸು.

ಒಂಟಿಹಕ್ಕಿಅಲ್ಲ:

ಅಮ್ಮಾ, ನೀವು ಬರೆದಿದ್ದು ಓದಿ ಸ್ವಲ್ಪ ಹೊತ್ತು ಏನೂ ಮಾಡೋಕಾಗ್ಲಿಲ್ಲ. ನಾನು ಉಪನಿಷತ್ತಿನ ಕಡೆಯವನು, ಆದ್ರೆ ಅಲ್ಲೂ ಇದೇ ಮಾತು ಇದೆ, ಅದಕ್ಕೇ ಸೇರಿಸ್ತೀನಿ.

ಬೃಹದಾರಣ್ಯಕ ಉಪನಿಷತ್ತಿನ ಮೊದಲನೇ ಅಧ್ಯಾಯದಲ್ಲಿ ಸೃಷ್ಟಿ ಶುರುವಾಗೋ ಕಡೆ ಆದಿಪುರುಷ ಒಬ್ನೇ ಇರ್ತಾನೆ. ಮೊದಲು ಅವನಿಗೆ ಭಯ ಆಗತ್ತೆ, ಆಮೇಲೆ ನಾನಲ್ಲದೆ ಬೇರೆ ಯಾರೂ ಇಲ್ವಲ್ಲ ಯಾರಿಗೆ ಹೆದರ್ಬೇಕು ಅಂತ ಯೋಚಿಸ್ತಾನೆ, ಭಯ ಹೋಗತ್ತೆ. ಆದ್ರೆ ಭಯ ಹೋದ ತಕ್ಷಣ ಸಂತೋಷ ಬರಲ್ಲ! ಸ ವೈ ನೈವ ರೇಮೇ, ತಸ್ಮಾದೇಕಾಕೀ ನ ರಮತೇ ಅನ್ನತ್ತೆ, ಅವನಿಗೆ ಸಂತೋಷ ಆಗ್ಲಿಲ್ಲ, ಅದಕ್ಕೇ ಒಂಟಿಯಾಗಿರೋನಿಗೆ ಸಂತೋಷ ಇಲ್ಲ, ಅವನು ಎರಡನೆಯವರನ್ನ ಬಯಸಿದ. ನನಗೆ ಇದು ಬಹಳ ಮುಖ್ಯ ಅನ್ಸಿದ್ದು ಯಾಕಂದ್ರೆ ಭಯ ಇಲ್ಲದಿರೋದೂ ಸಂತೋಷವೂ ಎರಡೂ ಒಂದೇ ಅನ್ಕೊಂಡಿದ್ದೆ. ಜನರಿಂದ ದೂರ ಇದ್ರೆ ನೋವಿನ ಭಯ ಹೋಗತ್ತೆ, ನಿಜ, ನಿಮಗೂ ಹೋಗಿದೆ, ಆದ್ರೆ ಅಲ್ಲಿಗೇ ನಿಂತೋಗಿದೆ.

ಅದೇ ಉಪನಿಷತ್ತಲ್ಲಿ ಯಾಜ್ಞವಲ್ಕ್ಯ ಋಷಿ ಮನೆ ಬಿಟ್ಟು ಹೊರಡುವಾಗ ಆಸ್ತಿ ಪಾಲು ಮಾಡ್ತೀನಿ ಅಂದ್ರೆ ಹೆಂಡ್ತಿ ಮೈತ್ರೇಯಿ, ಇಡೀ ಭೂಮಿ ತುಂಬಾ ದುಡ್ಡಿದ್ರೆ ನಾನು ಅಮೃತಳಾಗ್ತೀನಾ, ಸಾವಿಲ್ಲದವಳಾಗ್ತೀನಾ ಅಂತ ಕೇಳ್ತಾಳೆ, ಇಲ್ಲ ಅಂತಾನೆ ಅವನು. ಹಾಗಾದ್ರೆ ನನಗದು ಯಾಕೆ ಅಂತಾಳೆ. ನೀವು ಸೀಲಿಂಗ್ ನೋಡ್ತಾ ಕೇಳ್ಕೊಂಡಿದ್ದು ಇದೇ ಪ್ರಶ್ನೆ ಸರ್, ಒಳ್ಳೆ ಪ್ರಶ್ನೆ, ಅದಕ್ಕೆ ಭಯಪಡಬೇಡಿ.

ನಮ್ಮವರು ದೇವರನ್ನ ಕರೆದಿದ್ದೂ ಸಂಬಂಧದ ಮಾತಲ್ಲೇ ತಾನೇ. ಅಕ್ಕಮಹಾದೇವಿಗೆ ಗಂಡ, ದಾಸರಿಗೆ ಒಡೆಯ, ಯಾರಿಗೋ ತಾಯಿ, ಯಾರಿಗೋ ಮಗು, ಯಾರಿಗೋ ಗೆಳೆಯ. ಮನುಷ್ಯರ ಜೊತೆ ಗೆಳೆತನ ಅಂದ್ರೇನು ಅಂತ ಮರೆತು ಹೋದೋನಿಗೆ ದೇವರನ್ನ ಗೆಳೆಯ ಅಂತ ಕರೆದ್ರೆ ಆ ಪದದಲ್ಲಿ ಏನಿರತ್ತೆ ಹೇಳಿ.

ಮುಚ್ಚಿದಕಿಟಕಿ:

ಎಲ್ರೂ ಚೆನ್ನಾಗಿ ಬರೆದಿದೀರ, ಆದ್ರೆ ನಾನು ಒಂದು ಮಾತು ಹೇಳ್ಲೇಬೇಕು. ಎಲ್ಲಾ ಸಂಬಂಧಾನೂ ಹೋಗಿ ಜೋಡ್ಸೋಕಾಗಲ್ಲ. ನನಗೆ ಹೊಡೀತಿದ್ದ ಮನುಷ್ಯನಿಂದ ನಾನು ದೂರ ಬಂದು ಆರು ವರ್ಷ ಆಯ್ತು, ಆಗ ದೇವರ ಹೆಸರು ಹೇಳ್ಕೊಂಡು ಹೊಂದ್ಕೊಂಡು ಹೋಗು ಅಂತ ಬುದ್ಧಿ ಹೇಳಿದೋರು ಎಷ್ಟೋ ಜನ. ವಾಪಸ್ ಹೋಗ್ಲಿಲ್ಲ, ಅದು ಸರಿಯಾದ ನಿರ್ಧಾರ. ದ್ವೇಷ ಬಿಡೋದು ಬೇರೆ, ಬಾಗಿಲು ತೆಗೆಯೋದು ಬೇರೆ. ಇಲ್ಲಿ ಓದ್ತಿರೋ ಯಾರಿಗಾದ್ರೂ ಹಾಗಿದ್ರೆ ದಯವಿಟ್ಟು ಇದನ್ನ ನೆನಪಿಟ್ಕೊಳಿ. ನನಗೆ ಸಂತೋಷ ವಾಪಸ್ ಬಂದಿದ್ದು ಬೇರೆ ಜನರಿಂದ. ಕೆಲಸದ ಕಡೆ ಒಬ್ರು ಅಕ್ಕ, ದಿನಾ ಸಂಜೆ ಹೊರಡುವಾಗ ನನ್ನ ಮೇಜಿನ ಹತ್ರ ನಿಂತು ಬ್ಯಾಗಿನ ಜಿಪ್ ಹಾಕೋ ನೆಪದಲ್ಲಿ ಎರಡು ನಿಮಿಷ ಮಾತಾಡ್ಸೋರು, ಹೆಚ್ಚೇನಿಲ್ಲ, ಇವತ್ತು ಹೇಗಿತ್ತು ಅನ್ನೋದಷ್ಟೇ. ಒಂದಿನ ಅವರು ರಜೆ ಹಾಕಿದ್ರು, ಸಂಜೆ ಆರಾದ್ರೂ ನಾನು ಸುಮ್ನೆ ಕೂತಿದ್ದೆ, ಆ ಎರಡು ನಿಮಿಷಕ್ಕೆ ದಿನವಿಡೀ ಕಾಯ್ತಿದ್ದೆ ಅಂತ ಆಗ ಗೊತ್ತಾಯ್ತು.

ಇನ್ನೊಂದು, ಪ್ರಾರ್ಥನೆ ಒಣಗಿದ್ದಕ್ಕೆಲ್ಲಾ ನೀವೇ ಏನೋ ತಪ್ಪು ಮಾಡಿರ್ಬೇಕು ಅಂತ ಅಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಹೊರಗೆ ಬಂದಾಗ ಎಲ್ರಿಗೂ ಆಶ್ಚರ್ಯ ಆಯ್ತು, ದಶಕಗಟ್ಟಲೆ ಅವರಿಗೆ ಒಳಗೆ ದೇವರು ಇದಾನೆ ಅಂತಾನೇ ಅನಿಸ್ತಿರ್ಲಿಲ್ಲ, ಬರೀ ಕತ್ತಲೆ. 1979ರಲ್ಲಿ ನೊಬೆಲ್ ತಗೊಂಡಾಗ್ಲೂ ಒಳಗೆ ಅದೇ ಕತ್ತಲೆ. ಆದ್ರೂ 1997ರಲ್ಲಿ ತೀರ್ಕೊಳೋವರೆಗೂ ಆ ಕೆಲಸ ಬಿಡ್ಲಿಲ್ಲ. ಅದಕ್ಕೆ ಐದೂವರೆಗೆ ಏಳೋದನ್ನ ನಿಲ್ಲಿಸ್ಬೇಡಿ. ಮನಸ್ಸಿಗೆ ಏನೂ ಅನಿಸ್ದಿದ್ರೂ ಕೂತ್ಕೊಳೋದು, ಅದೂ ಒಂದು ಪ್ರೀತಿ ಅಲ್ವಾ.

ನಿಮ್ಮ ಅಣ್ಣ ಯಾವ ತರದವರು? ಭಯಪಡೋ ಅಂಥವರಾ, ಇಲ್ಲ ಬರೀ ಮುನಿಸಾ?

ಬಾಗಿಲಬಳಿ:

ನಿನ್ನೆ ರಾತ್ರಿನೇ ಎಲ್ಲಾ ಓದಿದೆ, ಉತ್ತರ ಬರೆಯೋಕಾಗ್ಲಿಲ್ಲ. ಮೇಡಂ, ನಿಮಗಾಗಿದ್ದಕ್ಕೆ ತುಂಬಾ ಬೇಜಾರಾಯ್ತು, ನೀವು ಹೇಳಿದ್ದು ಹೇಳ್ಲೇಬೇಕಾಗಿದ್ದ ಮಾತು.

ಅಣ್ಣ ಕೆಟ್ಟವನಲ್ಲ. ಚಿಕ್ಕವನಿದ್ದಾಗ ಸೈಕಲ್ ಹಿಂದೆ ಕೂರಿಸ್ಕೊಂಡು ಶಾಲೆಗೆ ಬಿಡ್ತಿದ್ದ, ಏರು ಬಂದ್ರೆ ನನ್ನ ಇಳೀ ಅಂತಿರ್ಲಿಲ್ಲ, ತಾನೇ ಇಳಿದು ತಳ್ತಿದ್ದ, ನಾನು ಹಿಂದೆ ಕೂತೇ ಇರ್ತಿದ್ದೆ. ಅಪ್ಪ ತೀರ್ಕೊಂಡಾಗ ಆಸ್ಪತ್ರೆ ಖರ್ಚಿನ ಮಾತಲ್ಲಿ ನಾನು ಎಲ್ರೆದುರಿಗೆ, ನೀನು ಅಪ್ಪನ ಹತ್ರ ಇದ್ದಿದ್ದೇ ಮನೆ ಆಸೆಗೆ ಅಂದ್ಬಿಟ್ಟೆ. ಅವನು ಏನೂ ಅನ್ಲಿಲ್ಲ. ಚಪ್ಪಲಿ ಹಾಕ್ಕೊಂಡು ಹೊರಗೆ ಹೋದ. ಆಮೇಲೆ ಅವನು ಫೋನ್ ಮಾಡ್ಲಿ ಅಂತ ನಾನು, ನಾನು ಮಾಡ್ಲಿ ಅಂತ ಅವನು ಕಾಯ್ತಿದೀವಿ ಅನ್ಕೊಂಡೆ, ಈಗ ಅನ್ಸತ್ತೆ ಅವನು ಹಾಗೆ ಕಾಯ್ತಾನೂ ಇರ್ಲಿಲ್ವೇನೋ, ನೋವು ನುಂಗ್ಕೊಂಡು ಸುಮ್ನಾಗಿರ್ಬೇಕು. ಮೊದಲ ಪೋಸ್ಟಲ್ಲಿ ಜನರಿಂದ ನೋವು ಸಿಕ್ಕಿದೆ ಅಂತ ಬರೆದೆ, ಕೊಟ್ಟಿದ್ದು ನಾನು ಅನ್ನೋದನ್ನ ಬರೀಲಿಲ್ಲ.

ಅಮ್ಮಾ, ನೀವು ಅಂದಿದ್ದು ಸರಿ. ಬೆಳಿಗ್ಗೆ ಕೂತಾಗ ಅವನ ಮುಖ ಬರತ್ತೆ, ನಾನು ತಕ್ಷಣ ಮಗಳಿಗೋಸ್ಕರ ಪ್ರಾರ್ಥನೆ ಶುರು ಮಾಡ್ತೀನಿ. ಎರಡು ವರ್ಷದಿಂದ. ಇದು ನಿಮಗೆ ಹೇಗೆ ಗೊತ್ತಾಯ್ತೋ.

ಹಳೇಟಾರ್ಚು:

ನಾನೂ ಹಾಗೇ ಮಾಡ್ತಿದ್ದೆ ಮಗಾ, ಅದಕ್ಕೇ ಗೊತ್ತಾಯ್ತು. ನನ್ನದು ತಂಗಿ ಜೊತೆ. ನಾನು ಹೋಗಿ ನಿಂತಾಗ ಅವಳು ಬಾಗಿಲಲ್ಲೇ ಕೇಳಿದ್ಳು, ಏನು ಬೇಕಿತ್ತು ಅಂತ. ಏನೂ ಬೇಡ, ನೋಡೋಣ ಅಂತ ಬಂದೆ ಅಂದೆ. ಒಳಗೆ ಕರೀಲಿಲ್ಲ ಆವತ್ತು. ಮೂರನೇ ಸಲಕ್ಕೆ ಕರೆದ್ಳು. ಆವತ್ತಿನ ಪ್ರಾರ್ಥನೆ ಬೇರೆ ಥರ ಇತ್ತು, ದೇವರ ಮುಂದೆ ಬಚ್ಚಿಡೋಕೆ ಏನೂ ಇರ್ಲಿಲ್ಲ, ಅದೊಂದು ಹಗುರ.

ಫೋನ್ ಮಾಡಿದ್ರೆ ಕಾರಣ ಹೇಳೋಕೆ ಹೋಗ್ಬೇಡ. ಯಾಕೆ ಅಂದೆ, ಯಾವ ಟೆನ್ಷನ್ನಲ್ಲಿ ಅಂದೆ, ಅದೆಲ್ಲಾ ಬೇಡ. ತಪ್ಪಾಯ್ತು ಅನ್ನು, ನಿಲ್ಲಿಸು. ಉಳಿದಿದ್ದು ಅವನಿಗೆ ಬಿಡು.

ಲೆಕ್ಕದಪುಸ್ತಕ:

ಸೈಕಲ್ಲಿಂದ ಇಳಿದು ತಳ್ತಿದ್ದ ಅನ್ನೋದನ್ನ ಓದಿ ಕಣ್ಣು ತುಂಬ್ಕೊಂಡ್ತು ಸರ್. ಅದನ್ನ ಅವರಿಗೂ ಹೇಳಿ.

ಬಾಗಿಲಬಳಿ:

ಹತ್ತು ದಿನ ಆದ್ಮೇಲೆ ಬರೀತಿದೀನಿ. ಇವತ್ತು ಸಂಜೆ ಫೋನ್ ಮಾಡಿದೆ.

ನಂಬರ್ ಡಿಲೀಟ್ ಮಾಡಿದ್ದೆ, ಆದ್ರೆ ಬೆರಳಿಗೆ ಬಾಯಿಪಾಠ ಇತ್ತು. ನಾಲ್ಕು ರಿಂಗ್ ಆದ್ಮೇಲೆ ಎತ್ತಿದ, ಹೇಳು ಅಂದ. ನನ್ನ ನಂಬರ್ ಇಟ್ಕೊಂಡಿದಾನೆ ಅಂತ ಆ ಒಂದು ಪದದಲ್ಲೇ ಗೊತ್ತಾಯ್ತು. ಹಿಂದೆ ಟಿವಿ ಜೋರಾಗಿತ್ತು, ಕ್ರಿಕೆಟ್ ಕಾಮೆಂಟ್ರಿ. ಅಣ್ಣಾ, ಆವತ್ತು ಅಂದಿದ್ದು ತಪ್ಪಾಯ್ತು ಅಂದೆ. ಪ್ರಾಕ್ಟೀಸ್ ಮಾಡ್ಕೊಂಡಿದ್ದು ಇನ್ನೂ ಎಷ್ಟೋ ಇತ್ತು, ಒಂದೂ ಬರ್ಲಿಲ್ಲ. ಅವನು ಮಾತಾಡ್ಲಿಲ್ಲ. ಆದ್ರೆ ಟಿವಿ ಸೌಂಡು ಕಮ್ಮಿ ಆಗ್ತಾ ಆಗ್ತಾ ಪೂರ್ತಿ ನಿಂತೋಯ್ತು.

ಸ್ವಲ್ಪ ಹೊತ್ತಿನ ಮೇಲೆ ಪಾಪು ಎಷ್ಟನೇ ಕ್ಲಾಸು ಈಗ ಅಂತ ಕೇಳಿದ. ಎರಡನೇ ಕ್ಲಾಸು ಅಂದೆ. ಹೌದಾ, ಅಂದ. ಇನ್ನೂ ಸಣ್ಣವಳು ಅನ್ಕೊಂಡಿದ್ದೆ ಅಂದ. ಸೈಕಲ್ ವಿಷಯ ಹೇಳೋಕೆ ಹೋದೆ, ಗಂಟಲು ಕಟ್ಟಿತು, ಆಗ್ಲಿಲ್ಲ. ಭಾನುವಾರ ನಾನು ಮಾಡ್ತೀನಿ ಅಂತ ಇಟ್ಟ. ನಾಲ್ಕು ನಿಮಿಷ ಹತ್ತು ಸೆಕೆಂಡು ತೋರಿಸ್ತಿದೆ ಕಾಲ್ ಲಾಗಲ್ಲಿ.

ಇದು ಖುಷೀನಾ ಅಂತ ಗೊತ್ತಾಗ್ತಿಲ್ಲ, ಬೇರೆ ಖುಷಿ ಥರ ಮೇಲಕ್ಕೆ ಹಾರ್ತಿಲ್ಲ, ಒಳಗೆ ಕೆಳಗೆ ಎಲ್ಲೋ ಕೂತಿದೆ. ಈಗಷ್ಟೇ ದೇವರ ಮುಂದೆ ಐದು ನಿಮಿಷ ಕೂತಿದ್ದೆ, ರಾತ್ರಿ ಹತ್ತೂಕಾಲಿಗೆ, ಅಲಾರಂ ಇಲ್ಲದೆ. ಏನೂ ಕೇಳ್ಲಿಲ್ಲ. ಅಣ್ಣ ಎತ್ತಿದ ಅಂತ ಹೇಳಿದೆ ಅಷ್ಟೇ.

ಭಾನುವಾರಕ್ಕೆ ಇನ್ನೂ ಮೂರು ದಿನ ಇದೆ. ಮಾಡ್ತಾನೆ ಅಲ್ವಾ?

ಮುಚ್ಚಿದಕಿಟಕಿ:

ಟಿವಿ ಆಫ್ ಮಾಡಿದಾರೆ, ಮಾಡ್ತಾರೆ. ಮಾಡ್ಲಿಲ್ಲ ಅಂದ್ರೂ ಬೇಜಾರು ಮಾಡ್ಕೊಂಡು ಮತ್ತೆ ನಾಲ್ಕು ವರ್ಷ ಕೂರ್ಬೇಡಿ, ಸೋಮವಾರ ನೀವೇ ಮಾಡಿ, ಮಗಳ ಕೈಗೆ ಫೋನ್ ಕೊಡಿ.